ಹುಡುಗರ ಶಾಲೆಯ ಕಪಾಟಿನಲ್ಲಿ ಏಳು ಕಪ್

ಏಳು ವರ್ಷ ಸತತವಾಗಿ ತಂಡವನ್ನು ಗೆಲ್ಲಿಸಿದರೂ ಪುಷ್ಪಾವತಿ ಒಂದು ಕಪ್ಪನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ನಂಬಲು ಕಷ್ಟ, ಆದರೆ ಸೌದಿಯ ರೀತಿಯೇ ಹಾಗಿತ್ತು. ದಹ್ರಾನ್ ಪಕ್ಕದ ಆ ಭಾರತೀಯ ಶಾಲೆಯಲ್ಲಿ ಹುಡುಗಿಯರಿಗೊಂದು ಗೇಟು, ಹುಡುಗರಿಗೊಂದು ಗೇಟು, ನಡುವೆ ಎರಡಾಳೆತ್ತರದ ಗೋಡೆ. ಹುಡುಗಿಯರ ಅಂತರಶಾಲಾ ಥ್ರೋಬಾಲ್ ಪಂದ್ಯಗಳು ನಡೆಯುತ್ತಿದ್ದುದು ಗೋಡೆಯೊಳಗೆ, ಹೆಂಗಸರ ಕಣ್ಣೆದುರು. ಬಹುಮಾನ ಕೊಡುತ್ತಿದ್ದುದು ಮಾತ್ರ ಹುಡುಗರ ಕಡೆಯ ಸಭಾಂಗಣದಲ್ಲಿ, ಗಂಡಸರ ಸಭೆಯಲ್ಲಿ. ಅಲ್ಲಿಯ ಆಟದ ಮಾಸ್ಟ್ರು ಝಿಯಾವುದ್ದೀನ್ ಹುಡುಗಿಯರ ಪರವಾಗಿ ಕಪ್ ಈಸಿಕೊಂಡು ತಮ್ಮ ಕೋಣೆಯ ಕಪಾಟಿನಲ್ಲಿಡುತ್ತಿದ್ದರು. ಅವರ ಮುಖವನ್ನೂ ಪುಷ್ಪಾವತಿ ಕಂಡವಳಲ್ಲ.

ಊರಲ್ಲಿ ಅವಳೇನು ಸಾಮಾನ್ಯಳೇ? ಉಡುಪಿಯ ಕಾಲೇಜೊಂದರ ಹುಡುಗಿಯರನ್ನು ಎರಡು ಸಲ ವಿಶ್ವವಿದ್ಯಾಲಯದ ಪಂದ್ಯಾವಳಿಯಲ್ಲಿ ಗೆಲ್ಲಿಸಿ, ತೆರೆದ ಜೀಪಿನಲ್ಲಿ ಮೆರವಣಿಗೆ ಹೋಗಿ ಬಂದವಳು. ಹಿತೇಶನನ್ನು ಮದುವೆಯಾಗಿ, ತೊಂಬತ್ತೊಂದರಲ್ಲಿ ಕೊಲ್ಲಿ ಯುದ್ಧ ಮುಗಿದ ಮೇಲೆ ಇಲ್ಲಿಗೆ ಬಂದಳು. ಅವನಿಗೆ ಎಣ್ಣೆ ಕಂಪೆನಿಯಲ್ಲಿ ಶಿಫ್ಟ್ ಕೆಲಸ, ಅವಳಿಗೆ ಮನೆಯಲ್ಲಿ ಏಸಿಯ ಗುಂಯ್ ಸದ್ದು. ಹೆಚ್ಚುವ ತರಕಾರಿಯ ಜೊತೆ ಮಾತಾಡುವ ಮಟ್ಟಕ್ಕೆ ಬಂದಾಗ ಹೆದರಿ ಅದೇ ವರ್ಷ ಶಾಲೆಗೆ ಆಟದ ಟೀಚರಾಗಿ ಸೇರಿದಳು.

ಅಲ್ಲಿಯದು ಸಿಮೆಂಟಿನ ಅಂಗಳ, ಬೆಳಿಗ್ಗೆ ಎಂಟಕ್ಕೇ ಕಾಲು ಸುಡುತ್ತಿತ್ತು. ಬಲೆಯಿಲ್ಲವೆಂದು ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಮಲಯಾಳಿ, ಹೈದರಾಬಾದಿ, ಬ್ಯಾರಿ ಹುಡುಗಿಯರನ್ನು ತಿದ್ದಿ ತೀಡಿ ತಂಡ ಮಾಡಿದಳು. ಬಯ್ದಳು, ಅಳಿಸಿದಳು, ಗೆಲ್ಲಿಸಿದಳು. ಆದರೆ ಹತ್ತನೇ ಕ್ಲಾಸು ಮುಗಿಯುತ್ತಲೇ ಅವರೆಲ್ಲ ಮುಂದಿನ ಓದಿಗೆಂದು ಊರಿಗೆ ಹೋಗಿಬಿಡುತ್ತಿದ್ದರು. ಮಾರ್ಚ್ ಬಂತೆಂದರೆ ತಂಡ ಖಾಲಿ. ಒಬ್ಬಳಾದರೂ ಕಾಗದ ಬರೆದಾಳೆಂದು ಕಾದಳು, ಕೊನೆಗೆ ಕಾಯುವುದನ್ನೂ ಬಿಟ್ಟಳು. ಒಂಟಿತನ ರೂಢಿಯಾಗುತ್ತದೆಂದು ಯಾರು ಹೇಳಿದರೋ, ಅವಳಿಗಂತೂ ಆಗಲಿಲ್ಲ.

ತೊಂಬತ್ತೆಂಟರಲ್ಲಿ ಹಿತೇಶನ ಒಪ್ಪಂದ ಮುಗಿಯಿತು. ದೇಶ ಬಿಡಲು ಎಕ್ಸಿಟ್ ಮುದ್ರೆ ಹೊಡೆದ ಪಾಸ್‌ಪೋರ್ಟ್ ಕೈಗೆ ಬಂದ ದಿನ ಅವಳು ಬೇಡಿದ್ದು ಒಂದೇ: ಹೋಗುವ ಮುಂಚೆ ಆ ಕಪ್‌ಗಳನ್ನು ಒಮ್ಮೆ ಮುಟ್ಟಬೇಕು.

"ಬಳೆ ಕೇಳಿದ್ರೆ ಸುಲಭ ಇತ್ತು ಮಾರಾಯ್ತಿ," ಎಂದ ಹಿತೇಶ.

ಆದರೂ ಹೋಗಿ ಕಾವಲುಗಾರ ಕಲಂದರನ ಬಳಿ ಮಾತಾಡಿದ. ಕಲಂದರ್ ಉಳ್ಳಾಲದವನು. ಎರಡು ಗೇಟುಗಳ ನಡುವೆ ಕಾಗದಪತ್ರ ಸಾಗಿಸುವುದು ಅವನ ಕೆಲಸ. ವರ್ಷವರ್ಷವೂ ಅವಳ ತಂಡದ ಪಟ್ಟಿಯನ್ನು ಮಾಸ್ಟ್ರಿಗೆ ಮುಟ್ಟಿಸಿದವನೂ ಅವನೇ. ಅವನು ಕೇಳಿದ್ದಕ್ಕೆ ಝಿಯಾವುದ್ದೀನ್ ಕೂಡಲೇ ಕಪಾಟಿನ ಬೀಗದಕೈ ಕೊಟ್ಟು, ಶುಕ್ರವಾರ ಯಾರೂ ಇರುವುದಿಲ್ಲ, ತೋರಿಸು ಅಂದರಂತೆ.

ಶುಕ್ರವಾರ ಬೆಳಿಗ್ಗೆ ಹಿತೇಶ ಕಾರಿನಲ್ಲೇ ಕುಳಿತ. ಪುಷ್ಪಾವತಿ ಮೈಮುಚ್ಚುವ ಕಪ್ಪು ಅಬಾಯ ಸರಿಮಾಡಿಕೊಂಡು ಕಲಂದರನ ಹಿಂದೆ ಹುಡುಗರ ಗೇಟಿನೊಳಗೆ ಹೋದಳು. ಏಳು ವರ್ಷದಿಂದ ಮನಸ್ಸಿನಲ್ಲಿ ಬೆಳೆಯುತ್ತ ಬಂದ ಕಪ್‌ಗಳು ನಿಜದಲ್ಲಿ ಚಹಾದ ಫ್ಲಾಸ್ಕಿನಷ್ಟೇ ಇದ್ದವು. ಧೂಳಿರಲಿಲ್ಲ, ಯಾರೋ ಆಗಾಗ ಒರೆಸುತ್ತಿದ್ದರು. ಒಂದನ್ನು ಎತ್ತಿ ಎದೆಗೊತ್ತಿಕೊಂಡಾಗ ಒಳಗೇನೋ ಸರಿದಾಡಿತು. ಮಡಚಿಟ್ಟ ಕಾಗದ. ಆ ವರ್ಷದ ಹನ್ನೆರಡು ಹುಡುಗಿಯರ ಹೆಸರುಗಳನ್ನು ಮಾಸ್ಟ್ರು ಇಂಗ್ಲಿಷಿನಲ್ಲಿ ದುಂಡಗೆ ಬರೆದಿಟ್ಟಿದ್ದರು. ಸಾಲೆಹಾ, ವಿಸ್ಮಯಾ, ಫಾತಿಮತ್... ಒಂದೊಂದು ಹೆಸರಿನ ಮೇಲೂ ಬೆರಳಿಟ್ಟು ಓದಿದಳು. ಕೆಳಗೆ ಕೋಚ್ ಎಂದು ಬರೆದು, ಮುಂದೆ ಚುಕ್ಕಿಗಳ ಗೆರೆ ಎಳೆದು, ಜಾಗ ಖಾಲಿ ಬಿಟ್ಟಿದ್ದರು. ಉಳಿದ ಕಪ್‌ಗಳನ್ನೂ ತೆಗೆದು ನೋಡಿದಳು, ಏಳೂ ಕಾಗದಗಳಲ್ಲಿ ಹಾಗೆಯೇ.

ತಪ್ಪು ಅವರದಲ್ಲ. ಗಂಡಸರ ಕೈಗೆ ಹೋಗುವ ಕಾಗದದಲ್ಲಿ ಮಕ್ಕಳ ಹೆಸರು ಸಾಕು, ಹೆಂಗಸಿನ ಹೆಸರೇಕೆ ಎಂದು ಮೊದಲ ವರ್ಷ ಯಾರೋ ಅಂದಿದ್ದರು. ಅಂದಿನಿಂದ ಅವಳು ಪಟ್ಟಿಯ ಕೆಳಗೆ 'ಗೇಮ್ಸ್ ಟೀಚರ್' ಎಂದಷ್ಟೇ ಬರೆಯುತ್ತಿದ್ದಳು. ಪರಸ್ತ್ರೀಯ ಹೆಸರು ಕೇಳುವುದು ಸರಿಯಲ್ಲವೆಂದು ಮಾಸ್ಟ್ರು ಕೇಳಿರಲಿಲ್ಲ. ಆದರೆ ಜಾಗ ಮಾತ್ರ ಪ್ರತಿ ವರ್ಷ ಬಿಟ್ಟಿದ್ದರು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಅಳುವೂ ಬಂತು.

ಕಲಂದರನ ಪೆನ್ನು ಈಸಿಕೊಂಡು ನೆಲದ ಮೇಲೆ ಕುಳಿತು ಏಳರಲ್ಲೂ ಬರೆದಳು, ಕನ್ನಡದಲ್ಲೇ. ಏಳು ವರ್ಷ ಅವಳ ಕೈಯಿಂದ ಕಾಗದ ಈಸಿಕೊಂಡಿದ್ದ ಕಲಂದರ್ ಬಗ್ಗಿ ಅಕ್ಷರ ಕೂಡಿಸಿ ಓದಿದ.

"ಟೀಚರ್, ನಿಮ್ಮ ಹೆಸರು ಪುಷ್ಪಾವತಿಯಾ? ನಂಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ."

"ಹೌದು," ಎಂದಳು. ಆ ಊರಲ್ಲಿ ಗಂಡನನ್ನು ಬಿಟ್ಟು ಅವಳ ಹೆಸರು ಹೇಳಿದವರಲ್ಲಿ ಅವನೇ ಮೊದಲಿಗ. ಮರುದಿನ ಬೆಳಿಗ್ಗೆ ಅವಳ ವಿಮಾನವಿತ್ತು.