ಕೋದಂಡಪ್ಪ ಇಳಿಸಿದ ಶ್ರುತಿ

ಕೋದಂಡಪ್ಪನನ್ನು ಬಂಗಾರಪೇಟೆಯಲ್ಲಿ ಎಲ್ಲರೂ ಕೀಬೋರ್ಡ್ ಕೋದಂಡಪ್ಪ ಅಂತಲೇ ಕರೆಯುವುದು. ಕೆಜಿಎಫ್‌ನ ಫ್ಯಾಕ್ಟರಿಯೊಂದರಲ್ಲಿ ವೆಲ್ಡರ್ ಆಗಿ ರಿಟೈರ್ ಆದವನು, ಆದರೆ ಅದು ಹೊಟ್ಟೆಪಾಡು. ಹೆಸರು ಬಂದದ್ದು ಆರ್ಕೆಸ್ಟ್ರಾದಿಂದ. ಮದುವೆಯೋ ಗಣೇಶನ ಪೆಂಡಾಲೋ, ಹಾಡುವವನು ಎಷ್ಟೇ ಅಡ್ಡಾದಿಡ್ಡಿ ಶ್ರುತಿ ಹಿಡಿದರೂ ಕೋದಂಡಪ್ಪ ಅಲ್ಲಿಗೆ ಹಾಜರ್. ಜನ ಭಲೇ ಅನ್ನುತ್ತಿದ್ದರು. ನಿಜಕ್ಕೂ ಭಲೇ ಅನ್ನಿಸಿಕೊಳ್ಳಬೇಕಾಗಿದ್ದದ್ದು ಕೀಬೋರ್ಡಿನ ಮೂಲೆಯ ಒಂದು ಗುಂಡಿ. ಅದನ್ನು ಒತ್ತಿದರೆ ಇಡೀ ಪೆಟ್ಟಿಗೆಯ ಶ್ರುತಿಯೇ ಏರುತ್ತದೆ, ಇಳಿಯುತ್ತದೆ. ಬೆರಳು ಅವೇ ಬಿಳಿ ಮನೆಗಳ, ಅಂದರೆ ಬಿಳಿ ಕೀಗಳ, ಮೇಲೆ ಓಡಾಡಿಕೊಂಡಿದ್ದರೆ ಸಾಕು. ಕರಿ ಮನೆಗಳ ಕಡೆಗೆ ಅವನು ಹಬ್ಬ ಹುಣ್ಣಿಮೆಗೆ ಹೋಗಿಬರುತ್ತಿದ್ದ, ಅಷ್ಟೇ.

ಹೆಂಡತಿ ಅಂಬಿಕ ಹಾಡುವವಳು. ಸುತ್ತಮುತ್ತ ಎಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದರೂ, ತಾಯಿಯಿಂದ ಕಲಿತ ಜೋಗುಳವನ್ನು ಅವಳೇ ಹೇಳಬೇಕು. ಕ್ಯಾಸಂಬಳ್ಳಿಯಿಂದಲೂ ಕರೆಯಲು ಬರುತ್ತಿದ್ದರು. ಅವಳ ಶ್ರುತಿಯೊಂದು ಮಾತ್ರ ಗುಂಡಿಯ ಹಂಗಿಲ್ಲದೆ ಗಂಡನ ಬಿಳಿ ಮನೆಗಳ ಮೇಲೆ ಸರಿಯಾಗಿ ಕೂರುತ್ತಿತ್ತು. ಕೆಲವು ವರ್ಷದ ಹಿಂದೆ ಥೈರಾಯ್ಡ್ ಗಡ್ಡೆ ಅಂತ ಅವಳ ಕುತ್ತಿಗೆಗೆ ಆಪರೇಷನ್ ಆಯಿತು. ಮನೆಗೆ ಬಂದವಳು ಮೊದಲು ಹೇಳಿದ ಮಾತು ಇದು:

"ನನ್ ದನಿ ಓಗಿದ್ರೆ ಓಯ್ತು ಅಂತ ಏಳ್ಬುಡ್ರಿ. ನಾನು ಸುಮ್ನಾಯ್ತೀನಿ. ಸುಳ್ಳು ಮಾತ್ರ ಬ್ಯಾಡ."

ಕೋದಂಡಪ್ಪ ಕೀಬೋರ್ಡ್ ತೆಗೆದ. ಅವಳು ಜೋಗುಳ ಶುರುಮಾಡಿದಳು. ಮೇಲಿನ ಸಾಲಿಗೆ ಬರುವಾಗ ಕತ್ತಿನ ನರ ಉಬ್ಬಿದ್ದು ಕಂಡಿತು. ಹಾಳು ಬೆರಳು, ತಾನಾಗಿ ಹೋಗಿ ಗುಂಡಿ ಒತ್ತಿ ಶ್ರುತಿ ಇಳಿಸಿಬಿಟ್ಟಿತು. ಎರಡನೇ ಸಲ ಅವಳಿಗೆ ಆ ಸಾಲು ಸಲೀಸಾಗಿ ಸಿಕ್ಕಿತು. ಮುಖ ಅರಳಿತು.

"ಓಗಿಲ್ಲ ಅಲ್ವಾ?"

"ಓಗೋದೆಲ್ಲಿ ಬಂತು? ಅಂಗೇ ಐತೆ ಕಣೇ."

ಆಮೇಲೂ ದನಿ ಕುಗ್ಗುತ್ತಾ ಬಂತು, ಅವನು ಗುಂಡಿ ಒತ್ತುತ್ತಾ ಬಂದ. ಗಂಡನ ಬೆರಳು ಎಂದಿನ ಮನೆಗಳ ಮೇಲೇ ಇರುವುದನ್ನು ನೋಡಿ ಅಂಬಿಕ ನೆಮ್ಮದಿಯಾಗಿದ್ದಳು. ಪ್ರೀತಿಯಿಂದ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವಳು ಬೇಡ ಅಂದಿದ್ದು ಅದನ್ನೇ.

ಈ ವರ್ಷ ಕೆಜಿಎಫ್‌ನಲ್ಲಿ ಗಣಿ ಕಾಲದ ಹಳೆಯ ಹಾಲ್‌ನಲ್ಲಿ ಉಚಿತ ಪಿಯಾನೊ ಶಿಬಿರ ಅಂತ ಬ್ಯಾನರ್ ಕಟ್ಟಿದರು. ಶನಿವಾರ ಪಾಠ, ಭಾನುವಾರ ಎಲ್ಲರೂ ಒಂದೊಂದು ನುಡಿಸುವುದು. ಕಲಿತವರು, ಕಲಿಯದವರು, ಯಾರು ಬೇಕಾದರೂ ಬರಬಹುದು. ಅಂಬಿಕಳ ಸಡಗರ ಕೇಳಬೇಕೆ? ಗಂಡನ ಹೆಸರು ಕೊಟ್ಟು, ಭಾನುವಾರ ಅವನು ನುಡಿಸಿದರೆ ತಾನು ಜೋಗುಳ ಹಾಡುವುದಾಗಿ ಹೇಳಿ, ಬೀದಿಗೆಲ್ಲ ಸಾರಿಬಂದಳು.

ಶನಿವಾರ ಕೋದಂಡಪ್ಪ ಖುಷಿಯಿಂದಲೇ ಕೆಜಿಎಫ್‌ಗೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದ. ಪಿಯಾನೊ ಮುಂದೆ ಕೂತಾಗ ಎಡಗೈ ಅಭ್ಯಾಸಬಲದಿಂದ ಮೂಲೆಗೆ ಹೋಯಿತು. ಅಲ್ಲಿದ್ದದ್ದು ಬರೀ ಮರ. ಕಲಿಸಲು ಬೆಂಗಳೂರಿನಿಂದ ಬಂದಿದ್ದ ಜ್ಯೋತ್ಸ್ನಾ ಮೇಡಂ ಹತ್ತಿರ ಹೋಗಿ ಗುಟ್ಟಾಗಿ ಕೇಳಿದ:

"ಮೇಡಂ, ಇದ್ರಲ್ಲಿ ಶ್ರುತಿ ಇಳ್ಸೋದೆಂಗೆ?"

"ಇಳಿಸೋಕಾಗಲ್ಲ ಸರ್. ನೀವೇ ಬೇರೆ ಮನೆಯಿಂದ ಶುರುಮಾಡಿ ನುಡಿಸಬೇಕು," ಅಂತ ಆಕೆ ತೋರಿಸಿಕೊಟ್ಟಳು. ಎಲ್ಲಿ ನೋಡಿದರೂ ಕರಿ ಮನೆಗಳು. ಪಾಪ, ಆಕೆ ಊಟ ಬಿಟ್ಟು ಕಲಿಸಿದಳು. ಅರವತ್ತು ದಾಟಿದ ಬೆರಳುಗಳು ಒಂದರ ಕಾಲು ಒಂದು ತುಳಿದುಕೊಂಡವು.

ಭಾನುವಾರ ಬೆಳಿಗ್ಗೆ ಕೈ ನೋವು ಅಂದ. ಅಂಬಿಕ ಮುಲಾಮು ತಿಕ್ಕಿದಳು. ಈಗಲಾದರೂ ಹೇಳಿಬಿಡೋಣ ಅಂತ ಬಾಯಿ ತೆರೆದ. ಅವಳು ಕನ್ನಡಿ ಮುಂದೆ, ಕುತ್ತಿಗೆಯ ಗಾಯದ ಗುರುತು ಕಾಣದ ಹಾಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

ಹಾಲ್‌ನಲ್ಲಿ ಬೀದಿಯವರೆಲ್ಲ ಮುಂದಿನ ಸಾಲಿನಲ್ಲೇ ಕೂತಿದ್ದರು. ಕೋದಂಡಪ್ಪ ದೇವರ ಮೇಲೆ ಭಾರ ಹಾಕಿ ಕರಿ ಮನೆಗಳಿಂದ ಶುರುಮಾಡಿದ. ಒಂದು ಸಾಲು ಮುಗಿಯುವಷ್ಟರಲ್ಲಿ ತಪ್ಪಿತು. ಮತ್ತೆ ಶುರು, ಮತ್ತೆ ತಪ್ಪು. ಅಂಬಿಕ ಬಗ್ಗಿ, ನಗುತ್ತಾ, ಮೆಲ್ಲಗೆ ಅಂದಳು:

"ಯಾಕ್ರೀ ಎದುರ್ಕೊಂತೀರ? ಯಾವಾಗ್ಲೂ ನುಡ್ಸೋ ಅಂಗೇ ನುಡ್ಸಿ."

ಹಾಗೆ ಅಂದದ್ದೇ ತಡ, ಬೆರಳುಗಳು ಬಿಳಿ ಮನೆಗಳಿಗೆ, ಅಂದರೆ ಅವಳ ಹಳೆಯ ಶ್ರುತಿಗೇ, ಹೋಗಿ ಕೂತವು. ಒಂದೂ ತಪ್ಪಿಲ್ಲದೆ ನುಡಿಸಿದವು. ಅವಳು ಹಾಡಿದಳು. ಮೊದಲ ಸಾಲು ಹೇಗೋ ಏಗಿದಳು. ಮೇಲಿನ ಸಾಲಿಗೆ ದನಿ ಏಳಲಿಲ್ಲ. ಕೆಮ್ಮಿ, ಕಣ್ಣಲ್ಲೇ ಸಭೆಯ ಕ್ಷಮೆ ಕೇಳಿ, ಮತ್ತೆ ಎತ್ತಿದಳು. ಬರೀ ಗಾಳಿ ಬಂತು.

ಜ್ಯೋತ್ಸ್ನಾ ಮೇಡಂ ಎದ್ದು ಬಂದು, "ಆಂಟಿ, ನಾನು ಸ್ವಲ್ಪ ಕೆಳಗಿಂದ ನುಡಿಸ್ಲಾ?" ಅಂದಳು.

"ಇದೇ ನನ್ ಶ್ರುತಿ ಕಣಮ್ಮ. ಮೊನ್ನೆ ತಾನೇ ಆಡಿದ್ದೀನಿ. ಇವ್ರನ್ನೇ ಕೇಳು," ಅಂತ ಅಂಬಿಕ ಗಂಡನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ. ಅಲ್ಲಿಗೆ ಅವಳಿಗೆ ಎಲ್ಲ ಗೊತ್ತಾಯಿತು.

ರೈಲಿನಲ್ಲಿ ಅವಳು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಬಂಗಾರಪೇಟೆ ಹತ್ತಿರ ಬಂದಾಗ ಕೇಳಿದಳು:

"ಯಾವಾಗಿಂದ ಇಳ್ಸಿದ್ರಿ?"

"ಆಸ್ಪತ್ರೆಯಿಂದ ಬಂದ ದಿನದಿಂದ್ಲೇ."

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ತೊಟ್ಟಿಲ ಕರೆಗಳು ಬಂದರೆ ಈಗ ಮೈ ಹುಷಾರಿಲ್ಲ ಅಂದುಬಿಡುತ್ತಾಳೆ. ಕೀಬೋರ್ಡಿನ ಮೇಲೆ ಬಟ್ಟೆ ಮುಚ್ಚಿದೆ. ಮನೆಯಲ್ಲಿ ಅಡುಗೆ, ಮಾತು, ಟಿವಿ ಎಲ್ಲ ಎಂದಿನಂತೆ ನಡೆದಿದೆ.

ಮೊನ್ನೆ ಅವಳು ಮುದ್ದೆಗೆ ಅವರೆಕಾಳು ಸಾರು ಮಾಡಿದ್ದಳು. ಕೋದಂಡಪ್ಪ ಎರಡನೇ ಸಲ ಬಡಿಸಿಕೊಂಡು, "ಸಾರು ಸಂದಾಗೈತೆ ಕಣೇ," ಅಂದ.

ಅಂಬಿಕ ಸೌಟು ಹಿಡಿದುಕೊಂಡೇ ಅವನ ಮುಖ ನೋಡಿದಳು.

"ನಿಜವಾಗ್ಲೂನಾ?"

ಸಾರು ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅದನ್ನು ಅವಳು ನಂಬುವ ಹಾಗೆ ಹೇಳುವುದು ಹೇಗೆ ಅಂತ ಅವನಿಗೆ ಗೊತ್ತಾಗಲಿಲ್ಲ.