ಪೆಟ್ಟಿಗೆ ಬೇಕೆಂದ ಉಸ್ಮಾನ್‌ಸಾಬ್

ಉಸ್ಮಾನ್‌ಸಾಬ್ ಸಿಂಧನೂರಿನ ಆದೆಪ್ಪ ಸಾವುಕಾರರ ಅಕ್ಕಿ ಗಿರಣಿಯ ಲಾರಿ ಹತ್ತಿ ಎಷ್ಟೋ ವರ್ಷಗಳಾದವು. ಅಕ್ಕಿ ಹೇರಿಕೊಂಡು ಮಸ್ಕಿಯ ಮೇಲೆ ಹಾಯ್ದು ಲಿಂಗಸುಗೂರಿಗೆ ಹೋಗುವುದು, ಬರಿಗಾಡಿ ತಿರುಗಿಸಿಕೊಂಡು ಬರುವುದು. ಬಾಳೆಲ್ಲ ಆ ಒಂದೇ ರಸ್ತೆಯಲ್ಲಿ ಸವೆಯಿತು. ಆದರೂ ಅವನಿಗೆ ಬೇಸರವಿರಲಿಲ್ಲ. ಮಸ್ಕಿಯಲ್ಲಿ ರಸ್ತೆಗೆ ಹತ್ತಿಕೊಂಡೇ ಅವನ ಅಕ್ಕ ಲಾಲ್‌ಬೀಯ ಮನೆ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಬೆಳೆಸಿದವಳು ಅವಳೇ. ಹೋಗುವಾಗೊಮ್ಮೆ ಬರುವಾಗೊಮ್ಮೆ ಲಾರಿ ನಿಲ್ಲಿಸಿ, ಅವಳ ಕೈಯ ಚಹಾ ಕುಡಿದು, ನಾಲ್ಕು ಮಾತು ಬೈಸಿಕೊಂಡರೇ ಅವನಿಗೆ ಗಾಡಿ ಮುಂದಕ್ಕೆ ಓಡುತ್ತಿತ್ತು.

ಹೋದ ವರ್ಷ ಸಾವುಕಾರರು ಲಾರಿಗೆ ಜಿಪಿಎಸ್ ಪೆಟ್ಟಿಗೆ ಕೂಡಿಸಿದರು. ಇರುವುದು ಸಾಬೂನಿನಷ್ಟು, ಸಂಬಂಧ ಮಾತ್ರ ಆಕಾಶದ ಉಪಗ್ರಹದ ಜೊತೆ! ಲಾರಿ ಎಲ್ಲಾದರೂ ನಿಂತರೆ ಸಾವುಕಾರರ ಫೋನಿಗೆ ಸುದ್ದಿ ಮುಟ್ಟುತ್ತದೆ, ಕೂಡಲೇ ಉಸ್ಮಾನ್‌ಸಾಬನ ಫೋನು ಬಡಿದುಕೊಳ್ಳುತ್ತದೆ: "ಯಾಕ ನಿಂತಿ?" ದೇವರು ಕೂಡ ಇಷ್ಟು ಕಾಳಜಿಯಿಂದ ಯಾರನ್ನೂ ಕಾದಿರಲಿಕ್ಕಿಲ್ಲ. ಇನ್ನೊಬ್ಬ ಚಾಲಕ ದುರುಗೇಶ ಪೆಟ್ಟಿಗೆ ತೆಗೆಸಿರಿ ಎಂದ. "ಡೀಸೆಲ್ ಕದಿಯಾಂವಗ ಪೆಟ್ಟಿಗಿ ಚುಚ್ಚತೈತಿ" ಎಂದು ಸಾವುಕಾರರು ಅವನನ್ನೇ ತೆಗೆದರು.

ಈಗ ಲಾಲ್‌ಬೀಗೆ ಲಕ್ವ ಹೊಡೆದಿತ್ತು. ಹೊರಸು ಹಿಡಿದವಳು ಬಾಗಿಲ ಕಡೆ ಮುಖ ಮಾಡಿಯೇ ಮಲಗಿರುತ್ತಾಳೆಂದು ಸುದ್ದಿ. ಸುಗ್ಗಿಯಾದ್ದರಿಂದ ರಜೆಯ ಮಾತೇ ಇಲ್ಲ. ಮಸ್ಕಿಯಲ್ಲಿ ಅರ್ಧ ತಾಸು ನಿಲ್ಲಲು ಅಪ್ಪಣೆ ಕೇಳಿಯೇ ಬಿಡಬೇಕೆಂದು ಉಸ್ಮಾನ್‌ಸಾಬ್ ಒಂದು ಬೆಳಿಗ್ಗೆ ಧೈರ್ಯ ಮಾಡಿ ಗಿರಣಿಗೆ ಬಂದ.

ಅಲ್ಲಿ ಸಾವುಕಾರರ ಎದುರು ಅಶ್ವಿನಿಯೆಂಬ ಹುಡುಗಿ ಟ್ಯಾಬ್ ಹಿಡಿದು ಕುಳಿತಿದ್ದಳು. ರಾಕೆಟ್ಟು, ಉಪಗ್ರಹಗಳಿಂದ ದೇಶದ ಸಂಪತ್ತಿಗೆ ಎಷ್ಟು ಕೂಡಿತೆಂದು ಅಳೆಯುವ ಸಮೀಕ್ಷೆ ಅವಳದು. ಡೀಸೆಲ್ ಉಳಿದದ್ದನ್ನೂ ಟ್ರಿಪ್ಪು ಹೆಚ್ಚಿದ್ದನ್ನೂ ಸಾವುಕಾರರು ಎದೆಯುಬ್ಬಿಸಿ ಹೇಳಿ ಮುಗಿಸಿದ್ದರು. ಅವಳು ಇವನ ಕಡೆ ತಿರುಗಿದಳು.

"ಕಾಕಾ, ಒಂದ ವರ್ಷ ಈ ಜಿಪಿಎಸ್ ಇಲ್ದ ಗಾಡಿ ಓಡಸ್ರಿ ಅಂದ್ರ, ಎಷ್ಟ ರೊಕ್ಕ ಕೊಟ್ರ ಒಪ್ತೀರಿ?"

ಉಸ್ಮಾನ್‌ಸಾಬ್ ಸಾವುಕಾರರ ಮುಖ ನೋಡಿದ. ಪೆಟ್ಟಿಗೆ ಬಿಡಲು ಮೇಲೆ ರೊಕ್ಕ ಬೇರೆ ಕೊಡುತ್ತಾರೆಯೇ? ಯಾರಿಗೆ ಪೆಟ್ಟಿಗೆ ಬೇಡವೋ ಅವನೇ ಕಳ್ಳ ಎಂದು ಹಿಡಿಯಲು ಸಾವುಕಾರರು ಕರೆಸಿದ ಹುಡುಗಿ ಇವಳು. ಅವನಿಗೆ ಅನುಮಾನವೇ ಉಳಿಯಲಿಲ್ಲ.

"ಲಕ್ಷ ಕೊಟ್ರೂ ಒಲ್ಲೆ ತಾಯಿ. ಪೆಟ್ಟಿಗಿ ಬೇಕ. ಅದು ಬಂದ ಮ್ಯಾಲ ನನಗ ಎಲ್ಲೂ ನಿಂದ್ರಬೇಕು ಅನ್ನಸಂಗೇ ಇಲ್ಲ."

"ಭಲೇ!" ಎಂದರು ಸಾವುಕಾರರು. "ನೋಡವಾ, ಡ್ರೈವರನ ಬಾಯಾಗ ಬಂತು!"

ಅಶ್ವಿನಿ ಟ್ಯಾಬಿನಲ್ಲಿ ಲಕ್ಷವೆಂದೇ ಒತ್ತಿಕೊಂಡಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಯಾವ ಬಾಯಿಂದ ಅರ್ಧ ತಾಸು ಕೇಳುವುದು? ಲಾರಿ ಹತ್ತುವ ಮುಂಚೆ ಅವನು ಅಶ್ವಿನಿಯನ್ನು ಬದಿಗೆ ಕರೆದ. "ಸಾವ್ಕಾರ್ರು ನಿನಗ ಇದನ್ನ ಕೇಳು ಅಂತ ಹೇಳಿದ್ರೇನವಾ?"

"ಇಲ್ಲ ಕಾಕಾ, ಅವರಿಗೇನ ಸಂಬಂಧ? ಇದು ದೇಶದ ಲೆಕ್ಕ. ಎಲ್ಲಾರಿಗೂ ಇದನ್ನ ಕೇಳಾಕತ್ತೀನಿ."

ಬಲೆಯೇ ಇರಲಿಲ್ಲ. ತಾನೇ ಹೋಗಿ ಸಿಕ್ಕಿಕೊಂಡಿದ್ದ. ಸಿಟ್ಟು ಯಾರ ಮೇಲೆ ಮಾಡಬೇಕೋ ತಿಳಿಯದೆ ಲಾರಿಯ ಬಾಗಿಲು ಜೋರಾಗಿ ಬಡಿದ.

ಮಸ್ಕಿ ಬಂತು. ಅಕ್ಕನ ಮನೆ ಬಾಗಿಲು ತೆರೆದಿತ್ತು, ಒಳಗೆ ಹೊರಸಿನ ಕಾಲು ಕಂಡಿತು. ಬ್ರೇಕಿನ ಮೇಲೆ ಕಾಲು ತಾನೇ ಹೋಯಿತು. ಅವನು ಕಿತ್ತು ತೆಗೆದ. ಲಾರಿ ಊರು ದಾಟುವಷ್ಟರಲ್ಲಿ ಫೋನು ಬಂತು. ಸಾವುಕಾರರಲ್ಲ, ಲಾಲ್‌ಬೀ.

"ಉಸ್ಮಾನಾ," ಎಂದಳು, ನಾಲಗೆ ಎಳೆಯುತ್ತಿತ್ತು. "ಈಗ ಹಾದು ಹೋತಲ್ಲ, ಅದು ನಿನ್ನ ಗಾಡೀನ?"

"ಅಲ್ಲ ಆಪಾ. ಬ್ಯಾರೆ ಯಾರದೋ ಇರಬೇಕು."

"ಹೌದ. ನಾನೂ ಸೊಸಿಗೆ ಅದನ್ನ ಅಂದೆ. ನಮ್ಮ ಉಸ್ಮಾನ ಆಗಿದ್ರ ನಿಲ್ಲಸ್ತಿದ್ದ ಅಂತ."