ಕುಣ್ಯಾವರ ಮನಿ

ಖಾನಾಪುರದ ನನ್ನ ತಾಯಿಯ ತವರಿಗೆ ಊರವರು ಇಟ್ಟ ಅಡ್ಡಹೆಸರು 'ಕುಣ್ಯಾವರ ಮನಿ'. ಅಜ್ಜ ಕುಣಿಯುತ್ತಿದ್ದನಂತೆ, ಅವನ ಅಕ್ಕನೂ. ಅದು ಹಬ್ಬದ ಕುಣಿತವಲ್ಲ. ಸುಮ್ಮನೆ ಕುಳಿತರೂ ಭುಜ ಹಾರುವುದು, ಬೆರಳು ಮಿಡಿಯುವುದು, ನಡೆದರೆ ತೂರಾಡುವುದು. ನಲವತ್ತು ದಾಟಿದ ಮೇಲೆ ಸೋದರಮಾವನಿಗೂ ಶುರುವಾಯಿತು. ನಾಲಗೆ ತೊದಲಿತು. ಹೆಂಚಿನ ಕಾರ್ಖಾನೆಯಲ್ಲಿ ಕೈಯಿಂದ ಹೆಂಚು ಜಾರಿ ಜಾರಿ ಕೆಲಸ ಹೋಯಿತು. ಕುಡಿಯುತ್ತಾನೆಂದು ಎಲ್ಲರೂ ತೀರ್ಮಾನಿಸಿದರು. ಲಿಂಗ ಕಟ್ಟಿದ ಮನೆಯಲ್ಲಿ ಅದಕ್ಕಿಂತ ದೊಡ್ಡ ಅಪವಾದವಿಲ್ಲ. ದಿನಾ ಸಂಜೆ ಅತ್ತೆ ಅವನನ್ನು ಬಾಗಿಲಲ್ಲಿ ನಿಲ್ಲಿಸಿ ಬಾಯಿ ಮೂಸುತ್ತಿದ್ದಳು. ಏನೂ ನಾರದಿದ್ದರೆ ಅದಕ್ಕೂ ಉತ್ತರವಿತ್ತು.

"ಯಾಲಕ್ಕಿ ತಿಂದ ಬಂದಾನ, ಕಳ್ಳ."

"ಯಾಲಕ್ಕಿ ತಿಂದ್ರ ಯಾಲಕ್ಕಿ ವಾಸನಿನರ ಬರಬೇಕಲ್ಲ," ಎಂದು ಮಾವ ತೊದಲುತ್ತಿದ್ದ. ಅವನನ್ನು ನಂಬುವವರು ಮನೆಯಲ್ಲಿ ಉಳಿದಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯಲ್ಲಿ ಸಾಲಿ ಮಾಸ್ತರ. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಕಂಡದ್ದನ್ನು ಬರೆದಿಡುವುದು ನನಗೆ ಬೋರ್ಡಿಂಗ್ ಕಲಿಸಿದ ರೂಢಿ. ಮಾವನನ್ನು ನಾಲ್ಕು ದಿನ ನನ್ನ ಕೋಣೆಯಲ್ಲಿಟ್ಟುಕೊಂಡೆ. ಹನಿ ಹೆಂಡ ಮುಟ್ಟದೆಯೂ ಭುಜ ಹಾರುತ್ತಲೇ ಇತ್ತು. ನಿದ್ದೆ ಹತ್ತಿದರೆ ಮಾತ್ರ ನಿಲ್ಲುತ್ತಿತ್ತು. ಆಮೇಲೆ ಅವನನ್ನು ಕರೆದೊಯ್ದು, ಗಂಟೆಸಹಿತ ಬರೆದ ವಹಿಯನ್ನು ರವಿವಾರ ಪೇಟೆಯ ಬಳಿಯ ಡಾಕ್ಟರ ಮುಂದಿಟ್ಟೆ.

"ಮನಿತನದಾಗ ಮತ್ತ ಯಾರಿಗರ ಹಿಂಗ ಇತ್ತೇನ್ರಿ ಮಾಸ್ತರ?"

ನಾಚುತ್ತ ಅಡ್ಡಹೆಸರು ಹೇಳಿದೆ. ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು.

"ಏನಂದ್ರಿ? ಇನ್ನೊಮ್ಮೆ ಹೇಳ್ರಿ!" ಕಪಾಟಿನಿಂದ ದಪ್ಪ ಪುಸ್ತಕ ಇಳಿಸಿದರು. "ಈ ಜಡ್ಡಿಗೆ ಕೊರಿಯಾ ಅಂತಾರ. ಗ್ರೀಕ್ ಮಾತು. ಅರ್ಥ ಏನ್ ಗೊತ್ತೇನು? ಕುಣಿತ! ನಿಮ್ಮೂರವರು ಪುಸ್ತಕ ಓದದೇ ಹೆಸರಿಟ್ಟಾರ ನೋಡ್ರಿ."

ಅವರು ಬಿಡಿಸಿ ಹೇಳಿದರು: ಮಿದುಳಿನ ಒಂದು ಭಾಗ ಮೆಲ್ಲಗೆ ಸವೆಯುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧ. ಪಾರಾದವರಿಂದ ಮುಂದೆ ಹೋಗದು. ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ. ವಾಸಿ ಮಾಡುವ ಔಷಧವೂ ಇಲ್ಲ.

ಕೊನೆಯ ಮಾತು ನನ್ನ ಕಿವಿಗೆ ಬಿದ್ದರೂ ಒಳಗಿಳಿಯಲಿಲ್ಲ. ಅಲ್ಲೇ ವಹಿಯಲ್ಲಿ ವಂಶವೃಕ್ಷ ಬರೆದೆ. ಅಜ್ಜ, ಅವನ ಅಕ್ಕ, ಮಾವ! ಅರವತ್ತರಲ್ಲೂ ಸೂಜಿಗೆ ನೆಟ್ಟಗೆ ದಾರ ಪೋಣಿಸುವ ನನ್ನ ತಾಯಿ ಪಾರಾದವಳು! ವರ್ಷಗಳಿಂದ ಬಿಡಿಸಲಾಗದ ಲೆಕ್ಕ ಒಂದೇ ಏಟಿಗೆ ಬಿಡಿಸಿದಂತಾಯಿತು. ಜೀವನದಲ್ಲಿ ಮೊದಲ ಸಲ ರಜೆ ಚೀಟಿ ಕೊಡದೆ ಸಾಲಿ ತಪ್ಪಿಸಿ, ಮಾವನ ಕೈ ಹಿಡಿದು ಖಾನಾಪುರದ ಬಸ್ಸು ಹತ್ತಿದೆ.

ಹೊಸ್ತಿಲಲ್ಲೇ ಎಲ್ಲವನ್ನೂ ಒದರಿದೆ. ಬಾಯಿ ಮೂಸಲು ಬಂದ ಅತ್ತೆ ಮಾವನ ಮುಖ ನೋಡಿದಳು.

"ಅಂದ್ರ ಖರೇನ ಕುಡದಿಲ್ಲ?"

"ಒಂದ ಹನಿನೂ ಇಲ್ಲ, ಅತ್ತಿ."

"ಏಳ ವರ್ಷ ಹೇಳಾಕತ್ತೇನಿ," ಎಂದ ಮಾವ. "ಇಕಿಗೆ ಗ್ರೀಕಿನ್ಯಾಗ ಹೇಳಬೇಕಾಗಿತ್ತು."

ಅತ್ತೆ ನಗುತ್ತಲೇ ಅತ್ತಳು. ಆಮೇಲೆ ಕೇಳಿದಳು: "ನನ್ನ ಹೆಣ್ಣಮಕ್ಕಳಿಗೂ ಅರ್ಧರ್ಧ ಅಂದಿ?"

ನನ್ನ ಉತ್ಸಾಹ ಅಲ್ಲಿ ತಡವರಿಸಿತು. ಹೌದೆಂದೆ. ಊರಿಗೆ ಗೊತ್ತಾದರೆ ಅವರಿಗೆ ವರ ಸಿಗುವುದು ಕಷ್ಟ ಎಂದೂ ಎಚ್ಚರಿಸಿದೆ.

"ಸುಳ್ಳ ಹೇಳಿ ಕೊಡಾಂಗಿಲ್ಲಪಾ," ಎಂದವಳೇ ಸೆರಗು ಬಿಗಿದು ಓಣಿಗಿಳಿದಳು. ಎದುರು ಮನೆಯ ಬಾಗಿಲಿಗೆ ನಿಂತು ಕೂಗಿದಳು: "ಅಕ್ಕಾರ, ಹೊರಗ ಬರ್ರಿ! ನಮ್ಮವ್ರು ಕುಡಿಯೂದಿಲ್ರೀ! ಅವ್ರಿಗೆ ಜಡ್ಡೈತಿ!"